ರಾಹುಕಾಲದ ಕೆಳಗೆ ಭರತ ಇಳಿತದ ಟೈಮೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಲ್ಲಿ ದಿನಾ ತಿಥಿ, ನಕ್ಷತ್ರ, ರಾಹುಕಾಲ, ಗುಳಿಕಕಾಲ, ಸೂರ್ಯೋದಯ ಸೂರ್ಯಾಸ್ತ ಎಲ್ಲ ಬರ್ತದೆ, ನಮ್ಮಮ್ಮ ಅದನ್ನು ಓದದೆ ಕಾಫಿ ಲೋಟ ಕೈಗೆ ತೆಗೊಳ್ಳುದಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಜಾಗ ಮಾಡಿ ಮಲ್ಪೆ ಮಂಗಳೂರಿನ ಭರತ ಇಳಿತದ, ಅಂದ್ರೆ ಸಮುದ್ರದ ನೀರು ಏರುವ ಇಳಿಯುವ ಟೈಮು ಹಾಕ್ತೀರಾ ಅಂತ ಕೇಳ್ಲಿಕ್ಕೆ ಈ ಪತ್ರ. ಒಂದು ಸಾಲು ಕೇಳ್ಲಿಕ್ಕೆ ಇಷ್ಟುದ್ದ ಯಾಕೆ ಬರೆದೆ ಅಂದ್ರೆ ಕಾರಣ ಹೇಳದೆ ಕೇಳಿದ್ರೆ ನೀವು ಪಕ್ಕಕ್ಕೆ ಇಡ್ತೀರಿ, ಕಾರಣ ಹೇಳಿದ್ರೆ ನನ್ನ ಮರ್ಯಾದೆ ಸ್ವಲ್ಪ ಹೋಗ್ತದೆ, ಹೋಗ್ಲಿ ಬಿಡಿ, ಹೋಗ್ಬೇಕಾದ್ದು ಆಗ್ಲೇ ಹೋಗಿ ಆಗಿದೆ.

ಈಗ ನಮ್ಮ ಉಡುಪಿ ಕುಂದಾಪುರ ಕಡೆ ಹುಡುಗರಿಗೆ ಒಂದು ಹೊಸ ಹುಚ್ಚು. ದೋಣಿಯಲ್ಲಿ ಟೆಂಟು, ಒಲೆ, ಮೀನು ಎಲ್ಲ ಹಾಕ್ಕೊಂಡು ರಸ್ತೆಯೇ ಇಲ್ಲದ ಜಾಗಕ್ಕೆ ಹೋಗಿ ರಾತ್ರಿ ಮಲಗಿ ಬರುದು. ತಪ್ಪಲ್ಲ, ಚಂದ ಉಂಟು, ನಾನೂ ಹೋದವನೇ. ನನಗೆ ಆ ಹುಚ್ಚು ಹಿಡಿಸಿದ್ದು ಅಮೇರಿಕಾದಲ್ಲಿರುವ ನಮ್ಮ ಭಾವ, ಅವ್ರು ಮಿನ್ನೆಸೋಟ ಅನ್ನುವ ರಾಜ್ಯದಲ್ಲಿ ವಾಯೇಜರ್ಸ್ ನ್ಯಾಷನಲ್ ಪಾರ್ಕಿಗೆ ಹೋಗಿ ವಿಡಿಯೋ ಕಳಿಸಿದ್ರು. ಅಲ್ಲಿ ಕ್ಯಾಂಪ್ ಜಾಗಗಳಿಗೆ ದೋಣಿಯಲ್ಲೇ ಹೋಗ್ಬೇಕು, ಕಾರು ಹೋಗುದಿಲ್ಲ, ಟೆಂಟಿಗೆ ಸಮ ಮಾಡಿದ ಜಾಗ, ಬೆಂಕಿಗೆ ಕಬ್ಬಿಣದ ರಿಂಗು, ಕರಡಿ ಬಾಯಿ ಹಾಕದ ಹಾಗೆ ಊಟ ಇಡ್ಲಿಕ್ಕೆ ಕಬ್ಬಿಣದ ಪೆಟ್ಟಿಗೆ. ಭಾವ ದೋಣಿ ತಂದು ಒಂದು ಬಂಡೆಗೆ ಮೂರು ಸುತ್ತು ಹಗ್ಗ ಹಾಕಿ ಹೋಗಿ ಮಲಗಿದ್ರು, ಬೆಳಿಗ್ಗೆ ದೋಣಿ ಹಾಗೇ ಇತ್ತು. ನಾವೂ ಹಾಗೇ ಮಾಡಿದ್ವಿ. ಅದು ಸಿಹಿನೀರಿನ ಸರೋವರ, ಅಲ್ಲಿ ರಾತ್ರಿ ಮಲಗುವಾಗ ನೀರು ಎಲ್ಲಿತ್ತೋ ಬೆಳಿಗ್ಗೆ ಏಳುವಾಗ ಹೆಚ್ಚು ಕಮ್ಮಿ ಅಲ್ಲೇ ಇರ್ತದೆ, ನಮ್ಮದು ಅರಬ್ಬೀ ಸಮುದ್ರ ಅನ್ನುದು ಸಮುದ್ರದ ಬುಡದಲ್ಲೇ ಹುಟ್ಟಿ ಬೆಳೆದ ನಾಲ್ಕು ಜನರಲ್ಲಿ ಒಬ್ಬನಿಗೂ ತಲೆಗೆ ಹೋಗ್ಲಿಲ್ಲ ನೋಡಿ.

ಫೆಬ್ರವರಿ ತಿಂಗಳು, ಹುಣ್ಣಿಮೆ. ಬೆಳದಿಂಗಳು ಬೇಕು ಅಂತ ಹುಣ್ಣಿಮೆ ನೋಡಿಯೇ ಹೋದದ್ದು, ಎಲ್ಲರೂ ಹಾಗೇ ಮಾಡುದು, ಮತ್ತೆ ಭರತ ಇಳಿತ ಅತೀ ಜೋರು ಇರುದೂ ಅದೇ ಹುಣ್ಣಿಮೆ ಅಮಾಸೆ ಹೊತ್ತಿಗೆ. ಫ್ರೆಂಡಿನ ಮಾವನ 18 ಅಡಿ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಇಂಜಿನು. ಕೊಡೇರಿಯಿಂದ ಉತ್ತರಕ್ಕೆ ಹೋಗಿ ಬೈಂದೂರು ದಾಟಿ ಒಂದು ಸಣ್ಣ ಕೊಲ್ಲಿ, ಎರಡೂ ಕಡೆ ಕಪ್ಪು ಬಂಡೆ, ಮೇಲೆ ತೆಂಗಿನ ತೋಟ, ತೋಟದವರ ಹತ್ರ ಮೊದಲೇ ಕೇಳಿದ್ವಿ. ಮುಟ್ಟುವಾಗ ಸಂಜೆ ಐದೂವರೆ, ನೀರು ಪೂರ್ತಿ ಇಳಿದಿತ್ತು, ಬಂಡೆಗಳೆಲ್ಲ ಹಲ್ಲು ಬಿಟ್ಟ ಹಾಗೆ ಕಾಣ್ತಿತ್ತು. ಬಂಡೆ ಇಲ್ಲದ ಕಡೆ ದೋಣಿ ನಿಲ್ಲಿಸಿ ಉದ್ದದ ನೀಲಿ ಹಗ್ಗ ದಡದ ಒಂದು ಕಲ್ಲಿಗೆ ಕಟ್ಟಿದ್ವಿ. ಲಂಗರು ಇತ್ತು, ದೋಣಿಯಲ್ಲೇ ಇತ್ತು, ಹಾಕ್ಲಿಲ್ಲ. ಬಂಗುಡೆ ಕಾಯಿಸಿ ತಿಂದು, ಹಾಡು ಹೇಳಿ, ಹನ್ನೆರಡಕ್ಕೆ ಮಲಗುವಾಗ ದೋಣಿ ಬೆಳದಿಂಗಳಲ್ಲಿ ಅಷ್ಟು ಚಂದ ಕುಣಿತಿತ್ತು, ಫೋಟೋನೂ ತೆಗೆದಿದ್ದೇವೆ. ಆ ಫೋಟೋ ಈಗ ನೋಡಿದ್ರೆ ಸಿಟ್ಟು ಬರ್ತದೆ, ಯಾಕಂದ್ರೆ ಸಂಜೆ ನೋಡಿದ ಬಂಡೆ ಒಂದೂ ಅದ್ರಲ್ಲಿ ಕಾಣುದಿಲ್ಲ. ಎಲ್ಲ ಬಂಡೆ ನೀರಿನ ಅಡಿಗೆ ಹೋಗಿ ನಮ್ಮ ದೋಣಿ ಅದರ ಮೇಲೆ ತೇಲ್ತಾ ಇತ್ತು.

ರಾತ್ರಿ ಮೂರೂಕಾಲಿಗೆ ಕಟ ಕಟ ಅಂತ ಶಬ್ದ. ಯಾರೋ ತೆಂಗಿನಕಾಯಿ ಒಡೀತಿದ್ದಾರೆ ಅಂತ ಅರ್ಧ ನಿದ್ದೆಯಲ್ಲಿ ಅನ್ನಿಸಿತು. ಹೋಗಿ ನೋಡುವಾಗ ದೋಣಿ ಒಂದು ಬಂಡೆ ಮೇಲೆ ಕೂತಿದೆ, ಪ್ರತೀ ತೆರೆಗೆ ಎತ್ತಿ ಎತ್ತಿ ಬಡೀತದೆ. ನಾಲ್ಕು ಜನ ಸೊಂಟದ ನೀರಲ್ಲಿ ನಿಂತು ತಳ್ಳಿದ್ವಿ, ಇಂಚು ಅಲ್ಲಾಡ್ಲಿಲ್ಲ, ನೀರು ಕಣ್ಣೆದುರೇ ಇಳೀತಾ ಹೋಯ್ತು. ಭರತ ಇಳಿತ ಅಂದ್ರೆ ಆರು ಗಂಟೆ ಸಮ ಸಮ ಏರುದು ಇಳಿಯುದು ಅಲ್ಲ. ಮೊದಲ ಗಂಟೆ ಮತ್ತು ಕೊನೆಯ ಗಂಟೆ ನಿಧಾನ, ಮಧ್ಯದ ಎರಡು ಗಂಟೆಯಲ್ಲೇ ಅರ್ಧ ನೀರು ಹೋಗ್ತದೆ. ಹನ್ನೆರಡರ ಸುಮಾರಿಗೆ ಭರತ ತುಂಬಿದ್ರೆ ಎರಡರಿಂದ ನಾಲ್ಕು ಅಂದ್ರೆ ಓಡುವ ಹೊತ್ತು, ನಾವು ಎದ್ದದ್ದೇ ಆಗ. ಬೆಳಿಗ್ಗೆ ಆರಕ್ಕೆ ದೋಣಿ ಪೂರ್ತಿ ಒಣ ಬಂಡೆ ಮೇಲೆ, ಓರೆಯಾಗಿ, ತಳದಲ್ಲಿ ಕೈ ಹೋಗುವಷ್ಟು ತೂತು, ಇಂಜಿನಿನ ಪ್ರೊಪೆಲ್ಲರಿನ ಒಂದು ರೆಕ್ಕೆ ಮಡಚಿ ಹೋಗಿತ್ತು. ಹಗ್ಗ ಬಂಡೆಯ ಚಿಪ್ಪಿಗೆ ಉಜ್ಜಿ ಮುಕ್ಕಾಲು ತುಂಡಾಗಿತ್ತು. ಅದು ಪೂರ್ತಿ ತುಂಡಾಗಿದ್ರೆ ದೋಣಿಯೂ ಇಲ್ಲ.

ಆಗ ಒಬ್ರು ಅಜ್ಜ ಸಣ್ಣ ಪಾತಿ ದೋಣಿಯಲ್ಲಿ ಬಂದ್ರು. ಬಂದವರು ಮೊದಲು ನಮ್ಮನ್ನು ನೋಡಿದ್ರು, ಆಮೇಲೆ ದೋಣಿ, ಆಮೇಲೆ ಬಂಡೆ. "ಹ್ವಾಯ್, ಕಲ್ಲಿನ್ ಮೇಲೆ ಕಪ್ಪು ಗೆರಿ ಇತ್ತಲೆ, ನೀರ್ ಅಲ್ಲಿವರೆಗ್ ಬತ್ತ್ ಅಂದೇಳಿ ಕಾಂಬುಕೆ ಕಣ್ಣಿಲ್ಯಾ ನಿಮ್ಗೆ?" ಅಂತ ಕೇಳಿದ್ರು. ನಿಜ, ಬಂಡೆ ಮೇಲೆ ಬರೆದಿಟ್ಟ ಹಾಗೆ ಉಂಟು. ಕೆಳಗೆ ಪಚ್ಚಿಲೆ ಅನ್ನುವ ಬಂಡೆಗೆ ಅಂಟಿದ ಚಿಪ್ಪುಮೀನು, ಅದರ ಮೇಲೆ ಸಣ್ಣ ಬಿಳಿ ಚಿಪ್ಪಿನ ಪಟ್ಟಿ, ಅದರ ಮೇಲೆ ಕಪ್ಪು ಗೆರೆ, ಅದರ ಮೇಲೆ ಒಣ ಕಲ್ಲು. ಆ ಕಪ್ಪು ಗೆರೆ ನಮ್ಮ ದೋಣಿ ಕಟ್ಟಿದ ಕಲ್ಲಿನ ತಲೆ ಮೇಲೇ ಇತ್ತು.

ಮಲ್ಪೆ ಮಂಗಳೂರು ಕಡೆ ಹುಣ್ಣಿಮೆ ಅಮಾಸೆಗೆ ಏರುವ ಇಳಿಯುವ ನೀರಿನ ವ್ಯತ್ಯಾಸ ನಾಲ್ಕೈದು ಅಡಿ. ಗುಜರಾತಿನ ಭಾವನಗರದಲ್ಲಿ 10 ಮೀಟರ್ ಹತ್ತಿರ ಹೋಗ್ತದಂತೆ, ಅದರ ಎದುರು ನಮ್ಮದು ಎಂತದೂ ಅಲ್ಲ, ಹಾಗಾಗಿಯೇ ನಮಗೆ ಉದಾಸೀನ. ಆದ್ರೆ 18 ಅಡಿ ದೋಣಿ ತೇಲ್ಲಿಕ್ಕೆ ಒಂದೂವರೆ ಅಡಿ ನೀರು ಸಾಕು, ನಾಲ್ಕು ಅಡಿ ಇಳಿದ್ರೆ ಅದು ಎಲ್ಲಿ ಕೂರ್ತದೆ ಲೆಕ್ಕ ಹಾಕಿ. ಮರಳ ಮೇಲೆ ಕೂತ್ರೆ ತೊಂದರೆ ಇಲ್ಲ, ಭರತ ಬರುವಾಗ ಏಳ್ತದೆ. ಬಂಡೆ ಮೇಲೆ ಕೂತ್ರೆ ಓರೆ ಬೀಳ್ತದೆ, ಮತ್ತೆ ನೀರು ಬರುವಾಗ ಇಂಜಿನಿನ ಭಾರಕ್ಕೆ ಹಿಂಬದಿ ಏಳುವ ಮೊದಲೇ ನೀರು ಒಳಗೆ ನುಗ್ತದೆ. ಹೆಚ್ಚಿನ ದೋಣಿ ಹಾಳಾಗುದು ಇಳಿತದಲ್ಲಿ ಅಂತ ನಾನು ಅಂದ್ಕೊಂಡಿದ್ದೆ, ಮುಳುಗುದು ತಿರುಗಿ ಬರುವ ಭರತದಲ್ಲಿ ಅಂತ ಅಜ್ಜ ಹೇಳಿದ ಮೇಲೆ ಗೊತ್ತಾಯ್ತು. ಅವ್ರು ತೂತಿಗೆ ಟೆಂಟಿನ ಅಡಿ ಹಾಸುವ ತಾರ್ಪಾಲು ತುರುಕಿ, ಮೇಲೆ ನಮ್ಮದೇ ಒಂದು ಲುಂಗಿ ಮಡಚಿ ಒತ್ತಿ, ಹಲಗೆ ಇಟ್ಟು, ಹತ್ತು ಗಂಟೆಗೆ ನೀರು ಬರುವಾಗ ಇಬ್ಬರು ನೀರು ಮೊಗೆಯುತ್ತಾ ಇಬ್ಬರು ಹುಟ್ಟು ಹಾಕುತ್ತಾ ಅವರ ದೋಣಿಯ ಹಿಂದೆ ಹೋದದ್ದು. ದುಡ್ಡು ಕೊಟ್ರೆ ತೆಗೊಳ್ಳಿಲ್ಲ, ಉಳಿದ ಬಂಗುಡೆ ಇತ್ತು, ಅದನ್ನೂ ನೋಡಿ ನಗಾಡಿದ್ರು, ಮೀನುಗಾರನಿಗೆ ಮೀನು ಕೊಟ್ಟ ಹಾಗೆ ಆಯ್ತು.

ಆಮೇಲೆ ಒಂದೆರಡು ತಿಂಗಳು ನಾನು ಇದೇ ವಿಷಯ ಓದಿದ್ದು, ಮಲ್ಪೆಯಲ್ಲಿ ಬೋಟು ನಿಲ್ಲುವ ದಕ್ಕೆಯಲ್ಲಿ ನಿಂತು ಕೇಳಿದ್ದು. ಕಲಿತದ್ದರಲ್ಲಿ ಮುಖ್ಯವಾದ್ದು ಹೇಳ್ತೇನೆ, ನಿಮ್ಮ ಓದುಗರಲ್ಲಿ ಯಾರಾದ್ರೂ ಹೋಗುವವರಿದ್ರೆ ಉಪಯೋಗ ಆಗ್ಲಿ.

ದೋಣಿಯನ್ನು ದಡಕ್ಕೆ ಮಾತ್ರ ಕಟ್ಟಿದ್ರೆ ಅದು ದಡಕ್ಕೇ ಬರುದು, ಪಡುಗಾಳಿ ತೆರೆ ಎರಡೂ ಅದನ್ನು ಅಲ್ಲಿಗೇ ತಳ್ಳುದು. ಹಾಗಾಗಿ ಸಮುದ್ರದ ಕಡೆಗೆ ಲಂಗರು, ದಡದ ಕಡೆಗೆ ಹಗ್ಗ, ಎರಡರ ಮಧ್ಯೆ ದೋಣಿ. ಮೂತಿ ಸಮುದ್ರಕ್ಕೆ, ಹಿಂಬದಿ ದಡಕ್ಕೆ. ದಡದ ಹಗ್ಗ ಬಿಗಿ ಇರಬಾರದು, ಭರತಕ್ಕೂ ಇಳಿತಕ್ಕೂ ಸಾಕಾಗುವಷ್ಟು ಸಡಿಲ ಬಿಡ್ಬೇಕು, ಆದ್ರೆ ಸಡಿಲ ಬಿಟ್ಟ ಮೇಲೂ ದೋಣಿ ಬಂಡೆಗೆ ಮುಟ್ಟಬಾರದು, ಅದನ್ನು ತಡೆಯುದು ಲಂಗರಿನ ಹಗ್ಗ. ಲಂಗರಿನ ಹಗ್ಗ ಎಷ್ಟುದ್ದ ಅನ್ನುದೇ ಎಲ್ಲರೂ ತಪ್ಪುವ ಲೆಕ್ಕ. ಸಂಜೆ ಇಳಿತದಲ್ಲಿ ನೀರು 3 ಮೀಟರ್ ಉಂಟು ಅಂತಿಟ್ಟುಕೊಳ್ಳಿ, ಅದಕ್ಕೆ ಏರುವ ನೀರು ಒಂದೂವರೆ ಮೀಟರ್ ಸೇರಿಸಿ, ನೀರಿನಿಂದ ದೋಣಿ ಮೂತಿಯ ಎತ್ತರ ಅರ್ಧ ಮೀಟರ್ ಸೇರಿಸಿ, ಒಟ್ಟು 5. ಗಾಳಿ ಇಲ್ಲದ ಹೊತ್ತಿಗೆ ಅದರ ಐದು ಪಟ್ಟು, ಅಂದ್ರೆ 25 ಮೀಟರ್ ಹಗ್ಗ ಬಿಡ್ಬೇಕು, ರಾತ್ರಿ ಮಲಗುದಾದ್ರೆ ಏಳು ಪಟ್ಟು, 35 ಮೀಟರ್. ಕಡಿಮೆ ಬಿಟ್ರೆ ಹಗ್ಗ ಲಂಗರನ್ನು ಮೇಲಕ್ಕೆ ಎತ್ತಿ ಕಿತ್ತು ತೆಗೀತದೆ, ಉದ್ದ ಬಿಟ್ರೆ ಅಡ್ಡಕ್ಕೆ ಎಳೆದು ಇನ್ನೂ ಊರಿಸ್ತದೆ. ಲಂಗರಿನ ಬುಡಕ್ಕೆ ಎರಡು ಮೂರು ಮೀಟರ್ ಸರಪಳಿ ಇದ್ರೆ ಭಾರಕ್ಕೂ ಆಯ್ತು, ಅಡಿಯ ಕಲ್ಲಿಗೆ ಉಜ್ಜಿ ಹಗ್ಗ ತುಂಡಾಗುದೂ ತಪ್ಪಿತು.

ಲಂಗರಿನಲ್ಲೂ ಜಾತಿ ಉಂಟು ಮಾರಾಯ್ರೆ. ಎರಡು ಚಪ್ಪಟೆ ಅಲಗಿನದ್ದು ಮರಳಿಗೆ ಒಳ್ಳೆದು, ಬಂಡೆ ಮೇಲೆ ಜಾರ್ತದೆ. ನಾಲ್ಕು ಕೊಂಬಿನದ್ದು ಬಂಡೆ ಸಂದಿಗೆ ಸಿಕ್ಕಿ ಹಿಡೀತದೆ, ಆದ್ರೆ ಹಿಡಿದದ್ದು ಬಿಡುದಿಲ್ಲ, ಬೆಳಿಗ್ಗೆ ಹಗ್ಗ ಕಡಿದು ಲಂಗರು ಬಿಟ್ಟು ಬರುವವರು ಎಷ್ಟು ಜನ. ಅದಕ್ಕೊಂದು ಉಪಾಯ ಉಂಟು, ಹಗ್ಗವನ್ನು ಲಂಗರಿನ ತಲೆಯ ರಿಂಗಿಗೆ ಕಟ್ಟದೆ ಬುಡಕ್ಕೆ, ಕೊಂಬು ಕೂಡುವ ಜಾಗಕ್ಕೆ ಕಟ್ಟಿ, ಅಲ್ಲಿಂದ ತಲೆಗೆ ತಂದು ರಿಂಗಿಗೆ ಒಂದು ಸಪೂರ ದಾರದಲ್ಲಿ ಬಿಗಿದು ಬಿಡುದು. ಮಾಮೂಲಿ ಎಳೆತಕ್ಕೆ ಆ ದಾರ ತಡೀತದೆ. ಸಿಕ್ಕಿಹಾಕಿಕೊಂಡ್ರೆ ಎದುರು ಕಡೆಯಿಂದ ದೋಣಿಯಲ್ಲಿ ಜೋರು ಎಳೆದಾಗ ದಾರ ಕಡಿದು ಹೋಗಿ ಲಂಗರು ಬುಡದಿಂದ ಮೇಲೆ ಬರ್ತದೆ. ರಾತ್ರಿ ಮಲಗುದಾದ್ರೆ ಮಾತ್ರ ಆ ದಾರ ತೀರಾ ಸಪೂರ ಬೇಡ, ದೋಣಿ ತಿರುಗಿ ಎಳೆದು ತುಂಡಾದ್ರೆ ನಿಮ್ಮ ಉಪಾಯ ನಿಮಗೇ ತಿರುಗ್ತದೆ. ನಮ್ಮ ಕಡೆ ಬಂಡೆ ಸಾಲು ದಾಟಿದ್ರೆ ತುಂಬ ಕಡೆ ಮರಳೇ ಸಿಗ್ತದೆ, ಅಲ್ಲಿಗೆ ಲಂಗರು ಹಾಕಿದ್ರೆ ಈ ರಗಳೆಯೇ ಇಲ್ಲ.

ಹಗ್ಗದ ವಿಷಯ. ಅಂಗಡಿಯಲ್ಲಿ ನೀಲಿ, ಹಳದಿ, ಹಸಿರು ಎಲ್ಲದಕ್ಕೂ ನೈಲಾನ್ ಅಂತಾರೆ, ಅಲ್ಲ. ನೀರಲ್ಲಿ ತೇಲುವ ಅಗ್ಗದ ಹಗ್ಗ ಪಾಲಿಪ್ರೊಪಿಲೀನ್, ಬಿಸಿಲಿಗೆ ಬೇಗ ಸಾಯ್ತದೆ, ಪ್ರೊಪೆಲ್ಲರಿಗೆ ಸುತ್ತಿಕೊಳ್ತದೆ. ನಿಜವಾದ ನೈಲಾನ್ ಮುಳುಗ್ತದೆ, ಎಳೆದ್ರೆ ರಬ್ಬರಿನ ಹಾಗೆ ಹಿಗ್ಗಿ ತೆರೆಯ ಜಗ್ಗಾಟ ನುಂಗ್ತದೆ, ಲಂಗರಿಗೆ ಅದೇ ಬೇಕು. ಯಾವ ಹಗ್ಗ ಆದ್ರೂ ಪಚ್ಚಿಲೆ ಹಿಡಿದ ಬಂಡೆಗೆ ಸುತ್ತಿದ್ರೆ ಬ್ಲೇಡಿಗೆ ಸುತ್ತಿದ ಹಾಗೆ, ಉಜ್ಜುವ ಕಡೆಗೆಲ್ಲ ಹಳೆ ಗಾರ್ಡನ್ ಪೈಪೋ ಸೈಕಲ್ ಟ್ಯೂಬೋ ಸುತ್ತಬೇಕು. ಸಾಧ್ಯ ಆದ್ರೆ ಬಂಡೆ ಬಿಟ್ಟು ಮೇಲಿನ ಮರದ ಬುಡಕ್ಕೆ ಕಟ್ಟುದು ಒಳ್ಳೆದು, ತೆಂಗಿನ ಮರ ಆದ್ರೆ ಗೋಣಿ ಸುತ್ತಿ, ಪಾಪ ತೋಟದವರ ಮರ.

ನನಗೆ ಅತೀ ಖುಷಿಯಾದ ಉಪಾಯ ಇನ್ನೊಂದು. ದೀಪಾವಳಿಗೆ ಗೂಡುದೀಪ ಏರಿಸ್ತೇವಲ್ಲ, ಕಂಬದ ತುದಿಯ ರಾಟೆಗೆ ಹಗ್ಗ ಹಾಕಿ ಕೆಳಗೆ ನಿಂತು ಎಳೆದ್ರೆ ದೀಪ ಮೇಲೆ, ಬಿಟ್ರೆ ಕೆಳಗೆ, ಅದನ್ನೇ ನೀರಿನ ಮೇಲೆ ಅಡ್ಡ ಮಲಗಿಸಿದ ಹಾಗೆ. ಆಳದಲ್ಲಿ ಲಂಗರು, ಅದಕ್ಕೊಂದು ತೇಲುವ ಡಬ್ಬ, ಡಬ್ಬದ ಕೆಳಗೆ ರಿಂಗು. ದಡದಿಂದ ಹಗ್ಗ ಹೋಗಿ ರಿಂಗಿನಲ್ಲಿ ತೂರಿ ತಿರುಗಿ ದಡಕ್ಕೇ ಬರ್ಬೇಕು, ಎರಡು ತುದಿ ಸೇರಿಸಿ ಗಂಟು, ಆ ಹಗ್ಗಕ್ಕೆ ದೋಣಿ ಕಟ್ಟುದು. ದಡಕ್ಕೆ ಬಂದು ಸಾಮಾನು ಇಳಿಸಿ ಹಗ್ಗ ಎಳೆದ್ರೆ ದೋಣಿ ತನ್ನಷ್ಟಕ್ಕೆ ಆಳಕ್ಕೆ ಹೋಗಿ ನಿಲ್ತದೆ, ಬೆಳಿಗ್ಗೆ ಎಳೆದ್ರೆ ಬರ್ತದೆ, ಯಾರೂ ಈಜಬೇಕಂತ ಇಲ್ಲ. ದೂರದ ಎರಡು ಪಟ್ಟು ಹಗ್ಗ ಬೇಕು, ಅಷ್ಟೇ. ನಾನು ಮನೆ ಹತ್ರ ಹೊಳೆಯಲ್ಲಿ ಮಾಡಿ ನೋಡಿದ್ದೇನೆ, ಮೊದಲ ಸಲ ಹಗ್ಗ ಜಡೆ ಹೆಣೆದ ಹಾಗೆ ಆಗಿ ಅರ್ಧ ಗಂಟೆ ಬಿಡಿಸಿದ್ದು ಬೇರೆ ಮಾತು.

ಹೊಳೆ ಅಂದಾಗ ನೆನಪಾಯ್ತು, ಕುದ್ರುಗಳಿಗೆ, ಅಂದ್ರೆ ಹೊಳೆ ಮಧ್ಯದ ದ್ವೀಪಗಳಿಗೆ ಹೋಗುವವರಿಗೆ ಬಂಡೆ ಕಾಟ ಕಡಿಮೆ ಆದ್ರೂ ಭರತ ಬರುವಾಗ ನೀರು ಮೇಲಕ್ಕೆ, ಇಳಿಯುವಾಗ ಕೆಳಕ್ಕೆ ಹರಿಯುದ್ರಿಂದ ದೋಣಿ ರಾತ್ರಿ ಪೂರ್ತಿ ಉಲ್ಟಾ ತಿರುಗ್ತದೆ, ಅದಕ್ಕೆ ಸುತ್ತ ಜಾಗ ಬಿಡ್ಬೇಕು. ಮತ್ತೆ ಕೋಡಿ ಬೇಂಗ್ರೆ, ಗಂಗೊಳ್ಳಿ, ಸಸಿಹಿತ್ಲು, ಹೊಳೆ ಸಮುದ್ರ ಸೇರುವ ಯಾವ ಅಳಿವೆ ಆದ್ರೂ ಇಳಿತದ ಹೊತ್ತಿಗೆ ಹೊರಗೆ ಹೋಗುವ ನೀರು ಒಳಗೆ ಬರುವ ತೆರೆಗೆ ಬಡಿದು ತೆರೆ ಗೋಡೆ ಹಾಗೆ ನೆಟ್ಟಗೆ ನಿಲ್ತದೆ. ಅಲ್ಲಿ ದೋಣಿ ಮಗುಚುದು ಇದರಿಂದಲೇ, ಮೀನುಗಾರರು ಟೈಮು ನೋಡಿ ದಾಟ್ತಾರೆ, ನಾವು ಹಸಿವಾಯ್ತು ಅಂತ ದಾಟ್ತೇವೆ.

ಭರತ ಇಳಿತ ಅಲ್ಲದೆ ಇನ್ನೊಂದುಂಟು, ಕಳ್ಳಕಡಲು. ಶಬ್ದ ಕೇರಳದ್ದು, ಕನ್ನಡದವರಿಗೂ ಅರ್ಥ ಹೇಳ್ಬೇಕಂತಿಲ್ಲ. ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇ ಹೊತ್ತಿಗೆ ಹೆಚ್ಚು. ಹಿಂದೂ ಮಹಾಸಾಗರದ ತೀರಾ ದಕ್ಷಿಣದಲ್ಲಿ, ಸಾವಿರಾರು ಕಿಲೋಮೀಟರ್ ದೂರದಲ್ಲಿ ಎದ್ದ ಬಿರುಗಾಳಿಯ ತೆರೆ ದಿನಗಟ್ಟಲೆ ಪ್ರಯಾಣ ಮಾಡಿ ಬಂದು ಇಲ್ಲಿ ದಡಕ್ಕೆ ಏರುದು, ಇಲ್ಲಿ ಗಾಳಿಯೂ ಇರುದಿಲ್ಲ, ಮೋಡವೂ ಇರುದಿಲ್ಲ. 2012ರಲ್ಲಿ ಯುನೆಸ್ಕೋ ಆ ಹೆಸರನ್ನೇ ಒಪ್ಪಿಕೊಂಡಿದೆ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದರ ಎಚ್ಚರಿಕೆ ಕೊಡ್ತದೆ, ಕರ್ನಾಟಕ ಕರಾವಳಿಗೂ ಕೊಡ್ತದೆ. ಅದು ಭರತದ ಹೊತ್ತಿಗೆ ಸೇರಿ ಬಂದ್ರೆ ಬಂಡೆ ಪಕ್ಕದಲ್ಲಿ ದೋಣಿಯೂ ಇರಬಾರದು ಟೆಂಟೂ ಇರಬಾರದು.

ಇಷ್ಟು ಓದಿ ಸೈಂಟ್ ಮೇರೀಸ್ ದ್ವೀಪಕ್ಕೆ ಟೆಂಟು ಹಿಡ್ಕೊಂಡು ಯಾರೂ ಹೊರಡ್ಬೇಡಿ, ಅಲ್ಲಿ ರಾತ್ರಿ ನಿಲ್ಲುವ ಹಾಗಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ತಣ್ಣಗಾಗಿ ಕಂಬ ಕಂಬ ಆಗಿ ನಿಂತ ಕಲ್ಲು ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಾವು ಶಾಲೆಯಿಂದ ಹೋದಾಗ ದೊಡ್ಡ ಬೋಟು ದೂರದಲ್ಲೇ ನಿಂತು ನಮ್ಮನ್ನು ಸಣ್ಣ ದೋಣಿಗೆ ಇಳಿಸಿದ್ದಕ್ಕೆ ಮಕ್ಕಳೆಲ್ಲ ಗಲಾಟೆ ಮಾಡಿದ್ದೆವು, ಆ ಬೋಟಿನವನಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗ್ಲಿಕ್ಕೆ ಒಂದು ದೋಣಿ ಒಡೀಬೇಕಾಯ್ತು. ಮರಳ ದಡದಲ್ಲಿ ನಿಲ್ಲುವವರೂ ಬೆಂಕಿ, ಟಾರ್ಚು ಕಡಿಮೆ ಮಾಡಿ, ಕುಂದಾಪುರ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಬರ್ತದೆ. ಜೂನ್ ಜುಲೈಯಲ್ಲಿ ಯಾಂತ್ರಿಕ ಬೋಟುಗಳೇ 61 ದಿನ ದಕ್ಕೆಯಲ್ಲಿ ಕೂರ್ತವೆ, ಆಗ ನಿಮ್ಮ ಟೆಂಟಿನ ಮಾತು ಬೇಡ. ಕರಾವಳಿ ಕಾವಲು ಪೊಲೀಸರ ನಂಬರ್ 1093, ಕೋಸ್ಟ್ ಗಾರ್ಡಿನದ್ದು 1554, ಆ ರಾತ್ರಿ ನಾಲ್ಕೂ ಫೋನಿನಲ್ಲಿ ಎರಡರಲ್ಲಿ ಒಂದು ನಂಬರೂ ಇರ್ಲಿಲ್ಲ.

ಈಗ ನೀವು ಹೇಳ್ಬಹುದು, ಮೊಬೈಲಿನಲ್ಲಿ ಟೈಡ್ ಆ್ಯಪ್ ಉಂಟಲ್ಲ ಅಂತ. ಉಂಟು. ಗುಡ್ಡದ ಅಡಿಗೆ ಹೋದ್ರೆ ನೆಟ್‌ವರ್ಕ್ ಇಲ್ಲ ಅದು ಬಿಡಿ, ಆ್ಯಪ್ ನೋಡುವವನು ಮೊದಲೇ ಗೊತ್ತಿದ್ದವನು. ಗೊತ್ತಿಲ್ಲದವನ ಕಣ್ಣಿಗೆ ಬೀಳ್ಬೇಕಾದ್ರೆ ಅದು ಅವನು ದಿನಾ ನೋಡುವ ಕಡೆ ಇರ್ಬೇಕು. ದೋಣಿಯವರಿಗೆ ಮಾತ್ರ ಅಲ್ಲ. ಸೋಮೇಶ್ವರದ ಬಂಡೆ ಮೇಲೆ ನಿಂತು ಗಾಳ ಹಾಕುವವರು, ಕಾಪು ಲೈಟ್‌ಹೌಸ್ ಹತ್ರ ಬಂಡೆ ಏರಿ ಸೆಲ್ಫಿ ತೆಗೆಯುವವರು, ಪಚ್ಚಿಲೆ ಕೀಳುವವರು, ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ಹೆಂಗಸರು, ಇವರಲ್ಲಿ ಕೊನೆಯ ಇಬ್ಬರಿಗೆ ನಿಮ್ಮ ಸಾಲು ಬೇಡ, ಅವರಿಗೆ ಬಾಯಿಪಾಠ ಉಂಟು, ಮೊದಲ ಇಬ್ಬರಿಗೆ ಬೇಕು.

ಕಷ್ಟ ಏನಿಲ್ಲ. ಸರ್ವೆ ಆಫ್ ಇಂಡಿಯಾ ಪ್ರತೀ ವರ್ಷ ಟೈಡ್ ಟೇಬಲ್ ಪುಸ್ತಕ ಮಾಡ್ತದೆ, ಇಡೀ ವರ್ಷದ ಟೈಮು ಮೊದಲೇ ಇರ್ತದೆ, ಪಂಚಾಂಗದ ಹಾಗೆಯೇ, ದಿನಾ ಯಾರನ್ನೂ ಕೇಳ್ಬೇಕಂತಿಲ್ಲ. ಎರಡು ಭರತ, ಎರಡು ಇಳಿತ, ನಾಲ್ಕು ಟೈಮು, ಪಕ್ಕದಲ್ಲಿ ಎಷ್ಟು ಮೀಟರ್. ಕಳ್ಳಕಡಲಿನ ಎಚ್ಚರಿಕೆ ಇದ್ದ ದಿನ ಅದನ್ನೂ ಅಲ್ಲೇ ದಪ್ಪ ಅಕ್ಷರದಲ್ಲಿ. ಜಾಗ ಸಾಲದಿದ್ರೆ ಗುಳಿಕಕಾಲ ತೆಗೀರಿ ಅಂತ ನಾನು ಹೇಳ್ತಿದ್ದೆ, ಅಮ್ಮ ಬೇಡ ಅಂದ್ರು, ಸಿನಿಮಾ ಜಾಹೀರಾತು ಸ್ವಲ್ಪ ಒತ್ತಲಿ ಅಂದ್ರು. ಹಾಕಿದ್ರೆ ತಿಥಿ ಓದುವಾಗ ಇದನ್ನೂ ನನಗೆ ಕೇಳುವ ಹಾಗೆ ದೊಡ್ಡಕ್ಕೆ ಓದ್ತೇನೆ ಅಂತಲೂ ಹೇಳಿದ್ದಾರೆ.

ಇತಿ,
ನಿಮ್ಮ ಓದುಗ,
ಉಡುಪಿ